ನೆಲ್ಲಿಬೇಣದ ಮೊದಲ ಹೊಡೆತ

ಕಮಲಾಕರ ಭಾವ ಊರಿಗೆ ವಾಪಸು ಬಂದದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ಲಾರಿಯಿಂದ ಇಳಿದ ಸಾಮಾನಿನಲ್ಲಿ ಎರಡು ಕಪಾಟು, ಅವನ ಹೆಂಡತಿ ಪರಿಮಳಕ್ಕನ ಹೊಲಿಗೆ ಮೆಷಿನ್ನು, ಮತ್ತೆ ಉದ್ದನೆಯದೊಂದು ಚರ್ಮದ ಚೀಲ ಇತ್ತು. ಚೀಲದ ಬಾಯಿಂದ ಕಬ್ಬಿಣದ ತಲೆಗಳು ಹೊರಗೆ ಇಣುಕುತ್ತಿದ್ದವು. ಸಾಮಾನು ಇಳಿಸಲು ಹೋಗಿದ್ದ ನಾನು ಅದನ್ನು ಯಾವುದೋ ಹಳೇ ಕೊಕ್ಕೆಗಳ ಕಟ್ಟು ಎಂದುಕೊಂಡು ಕೊಟ್ಟಿಗೆಯ ಅಟ್ಟಕ್ಕೆ ಎಸೆಯಲು ಹೊರಟಿದ್ದೆ. ಭಾವ ಕೂಗಿದ ಕೂಗಿಗೆ ಲಾರಿ ಡ್ರೈವರು ಗಾಬರಿಯಾಗಿ ಬ್ರೇಕು ಒತ್ತಿದ. ಲಾರಿ ನಿಂತು ಅರ್ಧ ಗಂಟೆಯಾಗಿತ್ತು.

"ಅದು ಗಾಲ್ಫ್ ಕೋಲು ಮಾರಾಯಾ! ಮಗು ಎತ್ತಿದ ಹಾಂಗೆ ಎತ್ತವು!"

ಭಾವ ನೀಲಗಿರಿಯ ಒಂದು ಕ್ಲಬ್ಬಿನಲ್ಲಿ ಹುಡುಗುಪ್ರಾಯದಿಂದ ನೌಕರಿ ಮಾಡಿದವನು. ಅಲ್ಲಿ ಅವನ ಹುದ್ದೆಗೆ ಸ್ಟಾರ್ಟರ್ ಎಂದು ಹೆಸರು. ಗಾಲ್ಫ್ ಆಟ ಶುರುವಾಗುವ ಜಾಗಕ್ಕೆ ಮೊದಲ ಟೀ ಅನ್ನುತ್ತಾರೆ. ಅಲ್ಲಿ ಹಸಿರು ಕೋಟು ತೊಟ್ಟು ನಿಂತುಕೊಂಡು, ಸರದಿ ಬಂದವರ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗುವುದು ಅವನ ಕೆಲಸ. ಅವನು ಹೆಸರು ಕೂಗದೆ ಕರ್ನಲ್ಲನಾಗಲಿ, ಎಸ್ಟೇಟಿನ ಮಾಲೀಕನಾಗಲಿ ಚೆಂಡಿಗೆ ಕೋಲು ತಾಗಿಸುವ ಹಾಗಿಲ್ಲ.

ಸಂಜೆ ನಮ್ಮ ಜಗಲಿಗೆ ಬಂದು ಕೂತನೆಂದರೆ ಅವನ ಬಾಯಲ್ಲಿ ಬೇರೆ ಬೇರೆ ಕ್ಲಬ್ಬುಗಳ ಮೊದಲ ಟೀಗಳದ್ದೇ ಸುದ್ದಿ. ಒಂದು ಕಡೆ ಮೊದಲ ಟೀ ಕೆರೆಯ ದಂಡೆಯ ಮೇಲಂತೆ, ಚೆಂಡು ನೀರು ದಾಟದಿದ್ದರೆ ಅಲ್ಲಿಗೆ ಮರ್ಯಾದೆ ಮುಳುಗಿತು. ಇನ್ನೊಂದು ಕಡೆ ಎರಡೂ ಬದಿಗೆ ನೀಲಗಿರಿ ಮರಗಳ ಗೋಡೆ, ಮಧ್ಯೆ ಓಣಿಯಷ್ಟೇ ಆಕಾಶ. ಮತ್ತೊಂದು ಕಡೆ ಎದುರಿಗೇ ರೈಲು ಹಳಿ. ಅವನ ಕ್ಲಬ್ಬಿನಲ್ಲಿ ಮೊದಲ ಟೀ ಇದ್ದದ್ದು ಬಂಗಲೆಯ ವರಾಂಡಕ್ಕೆ ಹತ್ತಿಕೊಂಡೇ. ಐವತ್ತು ಕುರ್ಚಿಗಳಲ್ಲಿ ಐವತ್ತು ಜನ ಕೂತು ನೋಡುತ್ತಿರುವಾಗ ಮೊದಲ ಚೆಂಡು ಹೊಡೆಯಬೇಕು.

"ಯುದ್ಧ ಮಾಡಿ ಬಂದ ಕರ್ನಲ್ಲಂದೂ ಮಂಡಿ ನಡುಗ್ತು ಅಲ್ಲಿ. ಆನು ಕಣ್ಣಾರೆ ನೋಡಿದ್ದಿ," ಅನ್ನುತ್ತಿದ್ದ.

"ನೀನು ಹೊಡೆಯುವಾಗ?" ಎಂದು ನಾನು ಒಮ್ಮೆ ಕೇಳಿದೆ. ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಮಾತು ಬೇರೆ ಕಡೆಗೆ ತಿರುಗಿಸಿಬಿಟ್ಟ.

ಮರುದಿನ ಪರಿಮಳಕ್ಕ ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದಳು. ಸೋಮವಾರ ಸಂಜೆ ನೌಕರರಿಗೂ ಆಡಲು ಬಿಡುತ್ತಿದ್ದರಂತೆ. ಆದರೆ, ಚೆಂಡು ಬೀಳಿಸುವ ಕುಳಿಗಳಲ್ಲಿ ಮೊದಲನೆಯದನ್ನು ಬಿಟ್ಟು, ಎರಡನೆಯದರಿಂದ. ಮೊದಲ ಟೀ ವರಾಂಡದ ಎದುರಿಗಿತ್ತಲ್ಲ, ಅದು ಮೆಂಬರುಗಳಿಗೆ ಮಾತ್ರ. ಭಾವನ ಕೈ ಒಳ್ಳೆಯದೇ, ಚೆಂಡು ಚೆನ್ನಾಗಿಯೇ ಹೊಡೆಯುತ್ತಿದ್ದ. ಮೊದಲ ಟೀಯಲ್ಲಿ ಮಾತ್ರ ಒಂದು ದಿನವೂ ನಿಂತು ಹೊಡೆದವನಲ್ಲ.

"ಊರವರ ಹೆಸರೆಲ್ಲಾ ಕರ್ದು ಕರ್ದು ಗಂಟಲು ಹರ್ಕಂಡ್ರು. ಇವರ ಹೆಸರು ಮಾತ್ರ ಯಾರೂ ಕರ್ದಿದ್ವಿಲ್ಲೆ, ತಮಾ," ಅಂದಳು.

ಭಾವನ ಪಾಲಿಗೆ ಬಂದ ಆಸ್ತಿಯಲ್ಲಿ ನೆಲ್ಲಿಬೇಣ ಎಂಬ ಹುಲ್ಲುಗುಡ್ಡ ಇತ್ತು. ಸಿದ್ದಾಪುರದಿಂದ ಶಿರಸಿಗೆ ಹೋಗುವ ರಸ್ತೆ ಅದರ ಬುಡದಲ್ಲೇ ಹಾಯುತ್ತದೆ. ರಸ್ತೆ ದಾಟಿದರೆ ಹೊನ್ನನ ಗದ್ದೆ, ಗದ್ದೆಯಾಚೆ ಮತ್ತೆ ಭಾವನದೇ ದಿಬ್ಬ. ಭಾವ ಅಲ್ಲಿ ಗಾಲ್ಫ್ ಆಟದ ಜಾಗ ಮಾಡುತ್ತೇನೆ ಎಂದಾಗ ಊರು ನಕ್ಕಿತು. ಹದಿನೆಂಟು ಕುಳಿ ಬೇಕಂತೆ ಸರಿಯಾದ ಆಟಕ್ಕೆ. ಇಲ್ಲಿ ಕಷ್ಟಪಟ್ಟು ಮೂರು ಹಿಡಿಸಿದವು. ಆ ಮೂರನ್ನು ತೋಡಲು ಒಂದು ವಾರ ಹಿಡಿಯಿತು. ಮೊದಲ ಟೀ ಎಲ್ಲಿ ಎಂದು ತೀರ್ಮಾನಿಸಲು ಒಂದು ವರ್ಷ ಬೇಕಾಯಿತು. ಬೆಳಿಗ್ಗೆ ಒಂದು ಕಡೆ ನಿಲ್ಲುವುದು, ಸಂಜೆ ಇನ್ನೊಂದು ಕಡೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡೂ ನಿಂತಿರುತ್ತಿದ್ದ. ಭಾವನಿಗೆ ಯಾವುದೋ ಗಾಳಿ ಸೋಕಿದೆ ಎಂದು ನಮ್ಮ ಅಮ್ಮ ನಿಂಬೆಹಣ್ಣು ಮಂತ್ರಿಸಿ ತಂದಿದ್ದಳು.

ಕಡೆಗೆ ಗುಡ್ಡದ ನೆತ್ತಿಯ ಚಪ್ಪಟೆ ಮುರಕಲ್ಲು ಹಾಸನ್ನು ಆರಿಸಿದ. ಅದರ ಮೇಲೆ ಮಣ್ಣು ಹೊರಿಸಿ, ಹುಲ್ಲು ನೆಟ್ಟು, ನೀರು ಹಾಕಿದ. ಅಲ್ಲಿ ನಿಂತರೆ ಕಾಲ ಕೆಳಗೆ ಗುಡ್ಡ ಸರ್ರನೆ ಇಳಿಯುತ್ತದೆ, ಕೆಳಗೆ ರಸ್ತೆ ಹಗ್ಗದ ಹಾಗೆ ಕಾಣುತ್ತದೆ, ಆಚೆಗೆ ಗದ್ದೆ, ಗದ್ದೆಯಾಚೆಯ ದಿಬ್ಬದಲ್ಲಿ ಪರಿಮಳಕ್ಕನ ಹಳೇ ಕೆಂಪು ಸೀರೆಯ ತುಂಡಿನ ಬಾವುಟ. ಅದರ ಬುಡದಲ್ಲಿ ಕುಳಿ. ನಾನು ಮೊದಲ ಸಲ ಅಲ್ಲಿ ನಿಂತಾಗ ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ಕೆಳಗೆ ಬಸ್ಸು ಓಡ್ತಲಾ ಭಾವ," ಅಂದೆ.

"ಬಸ್ಸು ಹೋಪವರೆಗೆ ಕಾಯದು, ಹೋದ್ಮೇಲೆ ಹೊಡಿಯದು. ಅದಕ್ಕೇ ನಿನ್ನ ರಸ್ತೆ ಬದಿಗೆ ನಿಲ್ಲಿಸ್ತಿ."

ತೊಂಬತ್ತೊಂಬತ್ತರ ಜನವರಿಯ ಒಂದು ಭಾನುವಾರ ನಿಕ್ಕಿಯಾಯಿತು. ಭಾವ ಶಿರಸಿಯಲ್ಲಿ ಆಮಂತ್ರಣ ಅಚ್ಚು ಹಾಕಿಸಿದ: 'ನೆಲ್ಲಿಬೇಣದಲ್ಲಿ ಮೊದಲ ಟೀ. ಸರ್ವರೂ ಬರಬೇಕು.' ಊರವರು ಅದನ್ನು ಓದಿದ್ದೇ ಬೇರೆ ಥರ. ಕಮಲಾಕರ ಚಹಾ ತೋಟದ ಸೀಮೆಯಿಂದ ಬಂದವನು, ಬೇಣದಲ್ಲಿ ಗುಟ್ಟಾಗಿ ಚಹಾ ಬೆಳೆಸಿದ್ದಾನೆ, ಇದು ಮೊದಲ ಕೊಯ್ಲಿನ ಚಹಾ ಎಂದು ಕೆಲವರು. ಅಲ್ಲ, ರಸ್ತೆ ಬದಿಗೆ ಹೋಟೆಲು ಇಡುತ್ತಿದ್ದಾನೆ ಎಂದು ಕೆಲವರು. ಅಂತೂ ಆ ಮಧ್ಯಾಹ್ನ ಗುಡ್ಡದ ತುಂಬ ಜನ. ಮೇಲಿನಕೇರಿಯ ಅಜ್ಜ ಒಬ್ಬ ತನ್ನ ಲೋಟವನ್ನೂ ಹಿಡಿದುಕೊಂಡು ಬಂದಿದ್ದ. ಪರಿಮಳಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲ ಹಂಡೆ ತಿಕ್ಕಿಸಿ ಅದರಲ್ಲೇ ಚಹಾ ಕುದಿಸಿದಳು. ಎಲ್ಲರೂ ಕುಡಿದರು. ಏನೋ ಬಚ್ಚಲ ಹೊಗೆಯ ರುಚಿ ಇದೆ, ನೀಲಗಿರಿ ಚಹಾ ಅಂದರೆ ಹೀಗೇ ಇರಬೇಕು ಎಂದು ಹೊಗಳಿದರು.

ಭಾವ ಹಸಿರು ಕೋಟು ಹಾಕಿಕೊಂಡು ಕಲ್ಲುಹಾಸಿನ ಮೇಲೆ ನಿಂತಿದ್ದ. ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು. ಕರ್ನಲ್ಲನ ಮಂಡಿಯ ಕತೆ ಹೇಳುತ್ತಿದ್ದವನ ಮಂಡಿಯೇ ಪಂಚೆಯೊಳಗೆ ನಡುಗುವುದು ದೂರಕ್ಕೂ ಕಾಣುತ್ತಿತ್ತು.

ಹೆಸರು ಕೂಗಲು ಶಿರಸಿಯ ಸೀತಾರಾಮನನ್ನು ಕರೆಸಿದ್ದ. ಸೀತಾರಾಮ ಎಂದರೆ ವಾಲಿಬಾಲ್ ಪಂದ್ಯಗಳಿಗೆ ಮೈಕು ಹಿಡಿದು ವಿವರಣೆ ಕೊಡುವವನು. ಸತ್ತ ಆಟಕ್ಕೂ ಜೀವ ಬರಿಸುವ ಕಂಠ. ಅವನು ಬ್ಯಾಟರಿ, ಮೈಕು ತಂದು ನನ್ನ ಜೀಪಿನಲ್ಲಿಟ್ಟು, ಜೀಪಿನ ತಲೆಯ ಮೇಲೆ ಧ್ವನಿವರ್ಧಕದ ಹಾರನ್ನು ಕಟ್ಟಿದ. ಜೀಪನ್ನು ಬೇಣದ ದಾರಿಯಲ್ಲಿ ಕಲ್ಲುಹಾಸಿನ ಪಕ್ಕಕ್ಕೇ ಹತ್ತಿಸಿ ನಿಲ್ಲಿಸಿದ್ದೆ. ಎಲ್ಲ ಸಿದ್ಧವಾದ ಮೇಲೆ ಸೀತಾರಾಮ ಬಾಯಿ ತೆರೆದ. ಕಪ್ಪೆ ಕೂಡ ನಾಚುವಂಥ ಒಂದು ಶಬ್ದ ಬಂತು. ಹಿಂದಿನ ರಾತ್ರಿಯವರೆಗೂ ಯಲ್ಲಾಪುರದಲ್ಲಿ ಪಂದ್ಯ, ಗಂಟಲು ಅಲ್ಲೇ ಬಿಟ್ಟು ಬಂದಿದ್ದ. ಕೈಸನ್ನೆಯಲ್ಲಿ ಕ್ಷಮೆ ಕೇಳಿದ.

"ಹೆಸರು ಕರೀದೆ ಹೊಡಿಯಲಾಗ್ತಿಲ್ಲೆ," ಅಂದ ಭಾವ. ಅಳುವುದೊಂದೇ ಬಾಕಿ.

ಆಗ ಪರಿಮಳಕ್ಕ ಚಹಾದ ಸೌಟು ಕೆಳಗಿಟ್ಟು ಬಂದು ಸೀತಾರಾಮನ ಕೈಯಿಂದ ಮೈಕು ತೆಗೆದುಕೊಂಡಳು. ಗುಡ್ಡವೆಲ್ಲ ಅವಳ ಕಡೆ ತಿರುಗಿತು. ಯಾಕೆಂದರೆ ಪರಿಮಳಕ್ಕ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ. ನಮ್ಮ ಕಡೆಯ ಆ ತಲೆಮಾರಿನ ಹೆಂಗಸರು ಯಾರೂ ಹೇಳುವುದಿಲ್ಲ. ಪಡಿತರದ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ, ತಾವರೆ ಹೂವಿನ ಹೆಸರು ಅನ್ನುತ್ತಿದ್ದಳು. ಓಟು ಕೇಳಲು ಬಂದವರು ಅದನ್ನು ತಪ್ಪಾಗಿ ತಿಳಿದು ಖುಷಿಪಟ್ಟದ್ದೂ ಉಂಟು.

"ಅಕ್ಕಾ, ಆನು ಕೂಗ್ತಿ ಬಿಡು," ಅಂದೆ.

"ಸುಮ್ನಿರು. ನೀ ರಸ್ತೆ ನೋಡು."

ನಾನು ಓಡಿ ಇಳಿದೆ. ಶಿರಸಿ ಕಡೆಗೆ ಬಸ್ಸೊಂದು ಹೋಯಿತು. ಇನ್ನು ಒಂದು ಗಂಟೆ ಬಸ್ಸಿಲ್ಲ ಎಂದುಕೊಂಡು ಟವೆಲು ಬೀಸಿದೆ. ಹೋದದ್ದು ಹಿಂದಿನ ಬಸ್ಸು, ತಡವಾಗಿ ಬಂದದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು?

ಮೇಲೆ ಮೈಕು ಕುಯ್ಯೆಂದಿತು. ಪರಿಮಳಕ್ಕ ಕೆಮ್ಮಿದಳು. "ಮೊದಲ ಟೀ," ಎಂದಳು. "ಆಡುವವರು..." ಎಂದಳು. ನಿಂತಳು. ಉಸಿರು ಎಳೆದುಕೊಂಡದ್ದೂ ಹಾರನ್ನಿನಲ್ಲಿ ಕೇಳಿಸಿತು.

"ಕಮಲಾಕರ ಗಣಪತಿ ಹೆಗಡೆ!"

ಎದುರಿನ ದಿಬ್ಬ ಅದನ್ನು ಹಾಗೇ ತಿರುಗಿ ಕೂಗಿತು. ಹೆಂಗಸರು ಕಿಟಾರನೆ ಕಿರುಚಿದರು. ಆಮೇಲೆ ಮೇಲಿದ್ದವರು ಹೇಳಿದಂತೆ, ಒಬ್ಬಳು ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, ಮುಚ್ಚಿಕೊಂಡೇ ಬಿದ್ದು ಬಿದ್ದು ನಕ್ಕಳು. ಭಾವನ ಬಿಳೀ ಮುಖ ಕುಂಕುಮದಷ್ಟು ಕೆಂಪಾಯಿತು. ಹೆಂಡತಿಯ ಕಡೆ ನೋಡಿದ, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ. ಮಂಡಿ ನಿಂತಿತು. ಕೋಲು ಹಿಂದಕ್ಕೆ ಹೋದದ್ದು, ಸುತ್ತಿ ಮುಂದಕ್ಕೆ ಬಂದದ್ದು ಮಿಂಚಿದ ಹಾಗೆ. ಠಣ್!

ಅಂಥ ಶಬ್ದ ನಮ್ಮ ಗುಡ್ಡದಲ್ಲಿ ಹಿಂದೆ ಯಾರೂ ಕೇಳಿರಲಿಲ್ಲ. ಚೆಂಡು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ನಿಂಬೆಹಣ್ಣಿನಷ್ಟಿದ್ದದ್ದು ಸಾಸಿವೆಯಷ್ಟಾಯಿತು. ಅಷ್ಟರಲ್ಲಿ ತಿರುವಿನಿಂದ ಪೋಂ ಎನ್ನುತ್ತಾ ಬಸ್ಸು ಬಂತು. ತಲೆಯ ಮೇಲೆ ಚೀಲಗಳು. ನಾನು ಟವೆಲು ಬೀಸಿದೆ, ಕುಣಿದೆ. ಡ್ರೈವರು ಯಾರೋ ಖುಷಿಯಲ್ಲಿದ್ದಾನೆ ಎಂದುಕೊಂಡು ಕೈ ಬೀಸಿ ಮುಂದೆ ಹೋದ. ಚೆಂಡು ಆಕಾಶದಿಂದ ನೆಟ್ಟಗಿಳಿದು ಬಸ್ಸಿನ ತಲೆಯ ಮೇಲಿದ್ದ ದೊಡ್ಡದೊಂದು ಚೀಲದ ಬಾಯೊಳಗೆ ಪುಸಕ್ಕೆಂದು ಹೊಕ್ಕಿತು. ಪುಟಿಯಲಿಲ್ಲ. ಬಸ್ಸು ಅದನ್ನು ಹೊತ್ತುಕೊಂಡು ಶಿರಸಿ ಕಡೆಗೆ ಹೊರಟೇಹೋಯಿತು.

ಗುಡ್ಡದಲ್ಲಿ ಒಮ್ಮೆಲೇ ಬೊಬ್ಬೆ ಎದ್ದಿತು. ನಾನು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬರುವಾಗ ಭಾವ ವಿವರಿಸುತ್ತಿದ್ದ: "ರೂಲು ಇದ್ದು ಇದಕ್ಕೆ. ಓಡುವ ಗಾಡಿ ಒಳಗೆ ಚೆಂಡು ಬಿದ್ರೆ, ಗಾಡಿ ಇದ್ದ ಜಾಗದಲ್ಲಿ ಇನ್ನೊಂದು ಚೆಂಡು ಇಟ್ಟು ಆಡಲಕ್ಕು. ದಂಡ ಇಲ್ಲೆ."

"ಯಾರ ರೂಲು ಅದು?" ಅಂದಳು ಪರಿಮಳಕ್ಕ. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು, ಅವಳ ಮಾತು ಊರಿಗೆಲ್ಲ ಕೇಳುತ್ತಿತ್ತು. "ಆನು ಹೆಸರು ಕರ್ದು ಹೊಡೆಸಿದ್ದು ಆ ಚೆಂಡು. ಬೇರೆ ಚೆಂಡು ಎಂತಕೆ? ಇಲ್ಲಿ ಸ್ಟಾರ್ಟರು ಆನು. ಅದು ಎಲ್ಲಿದ್ದೋ ಅಲ್ಲಿಂದ್ಲೇ ಹೊಡಿಯವು. ಕಿಶೋರ, ಜೀಪು ತೆಗಿ!"

ಜೀಪಿನಲ್ಲಿ ಎಷ್ಟು ಜನ ಹತ್ತಿದರೋ ದೇವರಿಗೇ ಗೊತ್ತು. ಬಾನೆಟ್ಟಿನ ಮೇಲೆ ಇಬ್ಬರು ಕೂತಿದ್ದರಿಂದ ನಾನು ಅವರ ಸಂದಿಯಲ್ಲಿ ರಸ್ತೆ ನೋಡುತ್ತಾ ಓಡಿಸಿದೆ. ಭಾವ ಕೋಲುಗಳ ಚೀಲವನ್ನು ತಬ್ಬಿಕೊಂಡಿದ್ದ. ಸೀತಾರಾಮ ಬಾಯಿ ಬಾರದೆ ತೊಡೆ ತಟ್ಟಿಕೊಳ್ಳುತ್ತಿದ್ದ. ಪರಿಮಳಕ್ಕ ಮೈಕಿನಲ್ಲಿ ಕೂಗುತ್ತಿದ್ದಳು: "ಮುಂದೆ ಹೋಪ ಬಸ್ಸು ನಿಲ್ಲವು! ನಿಮ್ಮ ತಲೆ ಮೇಲೆ ನಮ್ಮ ಚೆಂಡು ಇದ್ದು!" ರಸ್ತೆ ಬದಿಯ ಮನೆಗಳವರು ಚುನಾವಣೆ ಬಂತೇ ಎಂದು ಹೊರಗೆ ಬಂದು ನಿಂತರು.

ಬಸ್ಸು ಕಾನಸೂರಿನಲ್ಲಿ ಚಹಾಕ್ಕೆ ನಿಂತಿತ್ತು. ಕಂಡಕ್ಟರ್ ಸಂಗಯ್ಯ ಬನವಾಸಿ ಕಡೆಯವನು. ಹಾರನ್ನು ಕಟ್ಟಿದ ಜೀಪು, ಹಸಿರು ಕೋಟು, ಕಬ್ಬಿಣದ ಕೋಲು ನೋಡಿ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

"ಏನ್ರೀ ಇದು? ಯಾರರ ಬಸ್ಸಿನ್ಯಾಗಿಂದ ಬಿದ್ದಾರೇನು?"

"ಬಿದ್ದದ್ದು ಬಸ್ಸಿನ ಮೇಲೆ," ಎಂದು ಭಾವ ವಿವರಿಸಿದ. ಸಂಗಯ್ಯ ಏಣಿ ಹತ್ತಿ ಹೋಗಿ, ಚೀಲದೊಳಗೆ ಇಣುಕಿ, ಬಾಯಿ ತೆರೆದುಕೊಂಡು ಕೆಳಗೆ ನೋಡಿದ. "ಐತ್ರೀ! ಚುರುಮುರಿಯಾಗ ಕುಂತೈತಿ, ಗುಬ್ಬಿ ತತ್ತಿ ಕುಂತಂಗ!"

ಚೀಲ ಸಿದ್ದವ್ವ ಎಂಬಾಕೆಯದು. ಸಿದ್ದಾಪುರದ ಸಂತೆಯಲ್ಲಿ ಮಂಡಕ್ಕಿ ಮಾರಿ ಉಳಿದದ್ದನ್ನು ಊರಿಗೆ ಒಯ್ಯುತ್ತಿದ್ದಳು. ದೊಡ್ಡ ಕುಂಕುಮ, ಅದಕ್ಕೂ ದೊಡ್ಡ ದನಿ. ಬಸ್ಸಿನಿಂದ ಇಳಿದು ಬಂದು ಸೊಂಟಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರ ನೀವು ನನ್ನ ಚೀಲದ ಮ್ಯಾಲ ನಿಂತು ಈ ಬಡಿಗಿಲೆ ಹೊಡೀತೀರಿ?"

"ಚೀಲದ ಪಕ್ಕ ನಿಂತ್ಕಂಡು," ಅಂದ ಭಾವ, ಅಪರಾಧಿಯಂತೆ.

"ಹೊಡೀರಿ. ಆದ್ರ ನಂದೂ ಒಂದು ಏಟು ಆಗಬೇಕು. ಚೆಂಡು ನನ್ನ ಚೀಲದಾಗ ಬಂದು ಕುಂತೈತಿ ಅಂದ್ರ ನಾನೂ ಆಟದಾಗ ಇದ್ದಂಗ."

ಭಾವ ಬಸ್ಸಿನ ತಲೆಯ ಮೇಲೆ ಹತ್ತಿದ. ಪಂಚೆ ಎತ್ತಿ ಕಟ್ಟಿದ. ಹೋಟೆಲಿನಲ್ಲಿದ್ದವರು, ಅಂಗಡಿಯವರು, ಬಸ್ಸಿನವರು ಎಲ್ಲ ಸುತ್ತ ನೆರೆದರು. ಇಷ್ಟು ಜನ ನೋಡುತ್ತಿರುವಾಗ ಅವನಿಗೆ ನಡುಕ ಬಂದೀತು ಎಂದು ನಾನು ಹೆದರಿದೆ. ಭಾವ ಮೇಲಿನಿಂದ ನಗುತ್ತಿದ್ದ. ಪರಿಮಳಕ್ಕ ಈ ಸಲ ಯಾರೂ ಕೇಳುವ ಮೊದಲೇ ಗಂಡನ ಹೆಸರು ಕೂಗಿದಳು, ಅದೂ ಎರಡೆರಡು ಸಲ.

ಕೋಲು ಚೀಲದ ಬಾಯೊಳಗೆ ಹೊಕ್ಕು ಹೊರಗೆ ಬಂತು. ಮಂಡಕ್ಕಿ ಆಕಾಶಕ್ಕೆ ಹಾರಿತು. ಬಿಸಿಲಲ್ಲಿ ಬೆಳ್ಳಗೆ ಹರಡಿ, ಕಾನಸೂರಿನ ಮೇಲೆಲ್ಲ ಮೆಲ್ಲಗೆ ಉದುರಿತು. ತಲೆಗಳ ಮೇಲೆ, ಚಹಾದ ಗ್ಲಾಸುಗಳಲ್ಲಿ, ಡ್ರೈವರನ ಜೇಬಿನಲ್ಲಿ ಕೂಡ. ಕೋಳಿಗಳು ನಾಲ್ಕೂ ದಿಕ್ಕಿನಿಂದ ಓಡಿಬಂದವು. ಆ ಬಿಳೀ ಮಳೆಯೊಳಗಿಂದ ಚೆಂಡು ಒಂದೇ ಒಂದು ಬೇರೆಯಾಗಿ ನಾವು ಬಂದ ದಿಕ್ಕಿಗೆ, ಗದ್ದೆಯ ಮೇಲೆ ಹಾರಿತು.

ಸಿದ್ದವ್ವ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು. "ನನ್ನ ಮದಿವ್ಯಾಗೂ ಇಷ್ಟ ಅಕ್ಕಿಕಾಳ ಬಿದ್ದಿರ್ಲಿಲ್ಲ ನೋಡ್ರಿ!"

ಬಸ್ಸಿನ ಹೊತ್ತಾಯಿತು ಎಂದು ಸಂಗಯ್ಯ ಸೀಟಿ ಊದಿದ. ಕೆಲವರು ಹತ್ತಲೇ ಇಲ್ಲ. ಸಿದ್ದವ್ವ ತನ್ನ ಏಟು ಬಾಕಿ ಇದೆ ಎಂದಳು. ಮದುವೆಗೆ ಹೊರಟಿದ್ದ ದಂಪತಿಗಳು, ಅವರ ಜೊತೆಗಿದ್ದ ಮದುಮಗಳ ಸೋದರತ್ತೆ, ಮದುವೆ ನಾಳೆ ಎಂದರು. "ನನಗ ಡ್ಯೂಟಿ ಐತ್ರೀ, ಇಲ್ಲಾಂದ್ರ ನಾನೂ ಬರ್ತಿದ್ದೆ," ಎಂದು ಸಂಗಯ್ಯ ಬಾಗಿಲಲ್ಲಿ ಜೋತುಬಿದ್ದು ಕಣ್ಮರೆಯಾಗುವವರೆಗೂ ನೋಡುತ್ತಾ ಹೋದ.

ರಸ್ತೆಯಿಂದ ಹೋದರೆ ಸುತ್ತು, ಗದ್ದೆಗಳ ಮೇಲೆ ಹೋದರೆ ನೆಲ್ಲಿಬೇಣ ನೇರ. ಕೊಯ್ಲು ಮುಗಿದು ಗದ್ದೆಗಳು ಒಣಗಿದ್ದವು. ಜೀಪನ್ನು ಅಲ್ಲೇ ಬಿಟ್ಟು ಎಲ್ಲರೂ ಚೆಂಡಿನ ಹಿಂದೆ ಹೊರಟೆವು. ಮೊದಲು ಸಿದ್ದವ್ವನ ಸರದಿ. ಪರಿಮಳಕ್ಕ ಮೈಕಿಲ್ಲದೆಯೇ ಅವಳ ಹೆಸರು ಕೂಗಿದಳು. ಸಿದ್ದವ್ವ ಕೋಲನ್ನು ಒನಕೆಯಂತೆ ಹಿಡಿದು, ಹಲ್ಲು ಕಚ್ಚಿ ಬೀಸಿದಳು. ಚೆಂಡು ಅವಳದೇ ತಲೆಯ ಮೇಲಿಂದ ಹಿಂದಕ್ಕೆ ಹಾರಿ ಮದುವೆಗೆ ಹೊರಟ ದಂಪತಿಗಳ ಟ್ರಂಕಿಗೆ ಬಡಿಯಿತು.

"ಇದು ಲೆಕ್ಕಕ್ಕಿಲ್ಲ, ಇನ್ನೊಂದು!" ಎಂದಳು.

"ಹಾಂಗೆಲ್ಲಾ ಆಗ್ತಿಲ್ಲೆ, ಹೊಡೆದದ್ದು ಹೊಡೆದದ್ದೇ..." ಎಂದು ಶುರುಮಾಡಿದ ಭಾವ, ಆಕೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ ನಕ್ಕುಬಿಟ್ಟ. "ಹೊಡಿ ತಾಯಿ, ಹೊಡಿ."

ಅಲ್ಲಿಂದ ಮುಂದೆ ಆಟ ಯಾರದೆಂದು ಕೇಳುವವರಿಲ್ಲ. ಸೀತಾರಾಮ ಹೊಡೆದ. ಮದುಮಗಳ ಸೋದರತ್ತೆ ಹೊಡೆದಳು. ನಾನು ಹೊಡೆದದ್ದು ಹಳ್ಳಕ್ಕೆ ಬಿದ್ದು, ಎಲ್ಲರೂ ಮೊಣಕಾಲು ನೀರಲ್ಲಿ ಇಳಿದು ತಡಕಿದೆವು. ಚೆಂಡಿಗಿಂತ ಮೊದಲು ಏಡಿ ಸಿಕ್ಕಿತು. ಹೊನ್ನನ ಗದ್ದೆಯಲ್ಲಿ ಎಮ್ಮೆಯೊಂದು ಚೆಂಡಿನ ಮೇಲೆಯೇ ಮಲಗಿಬಿಟ್ಟಿತು. ಅದನ್ನು ಎಬ್ಬಿಸಲು ಹೊನ್ನನೇ ಬರಬೇಕಾಯಿತು. ಬಂದವನು ತಾನೂ ಒಂದು ಹೊಡೆತ ಹೊಡೆದೇ ಕೋಲು ಕೊಟ್ಟ. ಪರಿಮಳಕ್ಕನ ಸರದಿ ಬಂದಾಗ ಭಾವ ತನ್ನ ಹಳೇ ಕಂಠವನ್ನೆಲ್ಲ ಒಟ್ಟುಮಾಡಿ, ಕರ್ನಲ್ಲರನ್ನು ಕರೆದದ್ದಕ್ಕಿಂತ ಗಟ್ಟಿಯಾಗಿ, "ಪರಿಮಳಾ ಕಮಲಾಕರ ಹೆಗಡೆ!" ಎಂದು ಕೂಗಿದ. ಅವಳ ಚೆಂಡು ನೆಲಕ್ಕೆ ತಾಗಿಕೊಂಡೇ ಉರುಳುರುಳಿ ದಿಬ್ಬದ ಬುಡ ಮುಟ್ಟಿತು. ಎಷ್ಟು ಹೊಡೆತವಾಯಿತು ಎಂದು ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ಇಟ್ಟಿದ್ದರೂ ನಗುತ್ತಾ ತಪ್ಪಿಹೋಗುತ್ತಿತ್ತು.

ಗುಡ್ಡದ ಮೇಲಿದ್ದವರೆಲ್ಲ ಅಷ್ಟರಲ್ಲಿ ಕೆಳಗಿಳಿದು ಬಾವುಟದ ಸುತ್ತ ಸೇರಿದ್ದರು. ಹೊತ್ತು ಇಳಿಯುತ್ತಿತ್ತು. ಕಡೆಯ ಹೊಡೆತ ಭಾವನದು ಎಂದು ಎಲ್ಲರೂ ಒಪ್ಪಿದರು. ದಿಬ್ಬ ಹತ್ತಿಸಿದ ಚೆಂಡು ಈಗ ಕುಳಿಗೆ ನಾಲ್ಕು ಮಾರು ದೂರದಲ್ಲಿತ್ತು. ಭಾವ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದ, ಎದ್ದು ನಿಂತು ನೋಡಿದ, ಮತ್ತೆ ಕೂತ. "ಹೊತ್ತು ಮುಣಗಿ ಕತ್ತಲಾದ್ರ ಕುಣಿ ಕಾಣಂಗಿಲ್ರಿ!" ಎಂದಳು ಸಿದ್ದವ್ವ. ಭಾವ ಮೆಲ್ಲಗೆ ತಟ್ಟಿದ. ಚೆಂಡು ಕುಳಿಯ ಅಂಚು ಹಿಡಿದು ಒಂದು ಸುತ್ತು ಬಂತು, ಯೋಚಿಸಿತು, ಒಳಗೆ ಬಿತ್ತು.

ಯಾರೋ ಭಾವನನ್ನು ಹೆಗಲ ಮೇಲೆ ಎತ್ತಿದರು. ಪರಿಮಳಕ್ಕ ಮತ್ತು ಸಿದ್ದವ್ವ ಕೈ ಕೈ ಹಿಡಿದು ಗಿರಗಿರ ಸುತ್ತಿ ಇಬ್ಬರೂ ಹುಲ್ಲಿನ ಮೇಲೆ ಬಿದ್ದರು.

ಬಸ್ಸು ಬಿಟ್ಟವರನ್ನು ಶಿರಸಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಜೀಪು ತಂದು, ಟ್ರಂಕು, ಚೀಲ, ಸೋದರತ್ತೆ ಎಲ್ಲರನ್ನೂ ತುಂಬಿಕೊಂಡು ಹೊರಟೆ. ಚೀಲದಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಸಿದ್ದವ್ವ ಬೊಗಸೆ ಬೊಗಸೆಯಾಗಿ ಎಲ್ಲರಿಗೂ ಹಂಚಿದಳು. ದಾರಿಯಲ್ಲಿ ಒಬ್ಬರು ನಗು ನಿಲ್ಲಿಸಿದರೆ ಇನ್ನೊಬ್ಬರು ಶುರುಮಾಡುತ್ತಿದ್ದರು. ಶಿರಸಿ ಸ್ಟ್ಯಾಂಡಿನಲ್ಲಿ ಬನವಾಸಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ಸಿದ್ದವ್ವ ಹತ್ತಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೇಳಿದಳು:

"ಮುಂದಿನ ಆಯ್ತಾರಾನೂ ಐತೇನ್ರಿ?"

ನನಗೆ ಗೊತ್ತಿರಲಿಲ್ಲ. "ಐತ್ರಿ!" ಎಂದು ಅವಳ ಮಾತಿನಲ್ಲೇ ಕೂಗಿದೆ.

"ಹಂಗಾರ ನಮ್ಮ ಓಣಿಯವ್ರನ್ನೆಲ್ಲಾ ಕರ್ಕೊಂಡು ಬರ್ತೀನಿ!"

ಬಸ್ಸು ತಿರುಗಿತು. ವಾಪಸು ಬರುವಾಗ ದಾರಿಯುದ್ದಕ್ಕೂ, ಜೀಪಿನಲ್ಲಿ ನಾನೊಬ್ಬನೇ ಇದ್ದರೂ, ಬಾಯಿ ಮುಚ್ಚಲಾಗದೆ ನಗುತ್ತಲೇ ಇದ್ದೆ.